ಚಿಕ್ಕಮಾವನ ಬ್ಲಾಗಿಗೆ ಜಾಹೀರಾತು ಬಂದದ್ದು

ನಮ್ಮ ಚಿಕ್ಕಮಾವ ಒಂದು ವಿದೇಶಿ ಕಂಪನಿಯ ಮೇಲೆ ಯುದ್ಧ ಸಾರಿದ ಸಂಗತಿ ದೊಡ್ಡಬಳ್ಳಾಪುರದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಂಪನಿಗೂ ಗೊತ್ತಿಲ್ಲ! ಗೊತ್ತಿದ್ದದ್ದು ನನಗೆ, ನಮ್ಮ ಅತ್ತೆಗೆ, ಹೊಸಕೋಟೆಯ ಒಬ್ಬ ಟೊಮೆಟೊ ವ್ಯಾಪಾರಿಗೆ ಮತ್ತು ಆವತಿಯ ಒಬ್ಬ ರಿಟೈರ್ಡ್ ಮೇಷ್ಟ್ರಿಗೆ. ಐದನೆಯವರೊಬ್ಬರಿದ್ದಾರೆ. ಅವರ ವಿಷಯ ಸ್ವಲ್ಪ ಸೂಕ್ಷ್ಮ, ಈಗಲೇ ಬರುತ್ತೇನೆ, ತಾಳಿ.

ಚಿಕ್ಕಮಾವ ಎಂದರೆ ನನ್ನ ಅಮ್ಮನ ಕಿರಿಯ ತಮ್ಮ. ನಾಲ್ಕು ಪವರ್‌ಲೂಮ್ ಮಗ್ಗಗಳ ಒಡೆಯ. ಅರವತ್ತು ದಾಟಿದ ಮೇಲೆ ಬ್ಲಾಗ್ ಬರೆಯಲು ಶುರುಮಾಡಿದವರು. ನೇಕಾರರ ಮನೆಯಲ್ಲಿ ಬ್ಲಾಗೇ ಎಂದು ಹುಬ್ಬೇರಿಸಬೇಡಿ. ಅದಕ್ಕೆ ಕಾರಣ ಅತ್ತೆ. ಮಾವನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿರುತ್ತಿತ್ತು, ಅದನ್ನು ಅವರು ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದಿಗಿಂತ ಜೋರಾಗಿ ಅತ್ತೆಗೆ ಹೇಳುತ್ತಿದ್ದರು. ಒಂದು ದಿನ ಅತ್ತೆ ನನ್ನ ಕೈ ಹಿಡಿದುಕೊಂಡು, “ನೀನು ಹೈಸ್ಕೂಲ್ ಟೀಚರು, ಓದಿದೋಳು. ಇವರ ಮಾತು ಹರಿದು ಹೋಗೋಕೆ ಎಲ್ಲಾದ್ರೂ ಒಂದು ದಾರಿ ಮಾಡವ್ವಾ, ನನ್ ತಲೆ ಸಿಡೀತದೆ” ಅಂದರು. ನಾನು ಒಂದು ಸೈಟಿನಲ್ಲಿ ಪುಕ್ಕಟೆ ಖಾತೆ ತೆರೆದುಕೊಟ್ಟೆ. ಜಾಹೀರಾತಿಲ್ಲ, ಕಾಸಿಲ್ಲ, ಎಷ್ಟು ಬೇಕೋ ಅಷ್ಟು ಬರೆಯಿರಿ ಎಂದೆ. ಎಷ್ಟು ಬೇಕೋ ಅಷ್ಟು ಎಂದದ್ದು ನನ್ನ ತಪ್ಪು.

ಮಾವ ಒಂದೇ ಬೆರಳಿನಲ್ಲಿ, ಕಡಿದ ಎಳೆಗೆ ಗಂಟು ಹಾಕುವ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ ದಿನಕ್ಕೊಂದು ಬರಹ ಹಾಕಿದರು. ‘ಉಪ್ಪಿಟ್ಟಿಗೆ ಇಷ್ಟೊಂದು ವೈರಿಗಳು ಯಾಕೆ?’, ‘ಕರೆಂಟು ಹೋದಾಗ ಮನುಷ್ಯನ ಅಸಲಿ ಗುಣ’, ‘ಬೆಂಗಳೂರು ಬಸ್ಸಿನ ಕಿಟಕಿ ಸೀಟು: ಹಕ್ಕೋ ಕರ್ತವ್ಯವೋ’. ಅವರೆಕಾಯಿ ಮೇಲೆ ಬರೆದದ್ದು ಮೂರು ಭಾಗದಲ್ಲಿ ಬಂತು. ಮೂರನೆಯ ಭಾಗದ ಹೊತ್ತಿಗೆ ಅವರೆಕಾಯಿ ಕಾಲವೇ ಮುಗಿದಿತ್ತು!

ಓದುತ್ತಿದ್ದವರು ಯಾರು? ಅದೇ ಸೈಟಿನಲ್ಲಿ ಟೊಮೆಟೊ ಮೇಲೆ ಕವಿತೆ ಬರೆಯುತ್ತಿದ್ದ ಹೊಸಕೋಟೆಯ ವ್ಯಾಪಾರಿ. ತಮ್ಮೂರಿನ ಕಲ್ಲುಗಳ ಮೇಲೆಲ್ಲ ಇತಿಹಾಸ ಬರೆಯುತ್ತಿದ್ದ ಆವತಿಯ ಮೇಷ್ಟ್ರು. ಇನ್ನೊಬ್ಬರು, ‘ಓದುಗ’ ಎಂಬ ಹೆಸರಿನವರು. ಈ ಓದುಗರು ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಒಂದೇ ಪದ ಬರೆಯುತ್ತಿದ್ದರು: “ಓದಿದೆ.”

ಗುಟ್ಟು ಹೇಳಿಬಿಡುತ್ತೇನೆ. ಆ ಓದುಗರು ನಮ್ಮ ದೊಡ್ಡಮಾವ. ಚಿಕ್ಕಮಾವನ ಸ್ವಂತ ಅಣ್ಣ. ಇರುವುದು ಎಲ್ಲಿ? ಮಗ್ಗದ ಮನೆಯ ನಡುಗೋಡೆಯ ಆಚೆ!

ಇಬ್ಬರೂ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ಆಗ ಎಂಟು ಮಗ್ಗವೂ ಒಟ್ಟಿಗಿದ್ದವು. ಒಬ್ಬ ಸೇಟು ಬದನೇಕಾಯಿ ಬಣ್ಣದ ಸೀರೆಗಳನ್ನು ಕೇಳಿದ್ದ. ನೂಲಿಗೆ ಬಣ್ಣ ಹಾಕಿಸಿಕೊಂಡು ಬಂದವರು ಚಿಕ್ಕಮಾವ. ಇದು ಬದನೇಕಾಯಿ ಅಲ್ಲ, ನೇರಳೆಹಣ್ಣು ಎಂದರು ದೊಡ್ಡಮಾವ. ಬದನೇಕಾಯಿಯೇ ಎಂದರು ಚಿಕ್ಕಮಾವ. ಹೋಲಿಸಿ ನೋಡಲು ಮಾರ್ಕೆಟ್ಟಿನಿಂದ ಬದನೇಕಾಯಿ ತರಿಸಿದರು. ಬಂದದ್ದು ಹಸಿರು ಬದನೇಕಾಯಿ! ಅಲ್ಲಿಂದ ಜಗಳ ಬಣ್ಣ ಬಿಟ್ಟು ಹಳೆಯ ಮದುವೆಗಳಿಗೆ, ಅಜ್ಜಿಯ ಓಲೆಗೆ, ಯಾರು ಯಾರನ್ನು ಚಿಕ್ಕಂದಿನಲ್ಲಿ ಕೆರೆಗೆ ತಳ್ಳಿದರು ಎಂಬಲ್ಲಿಗೆ ಹೋಯಿತು. ನಾಲ್ಕು ಮಗ್ಗ ಆಚೆ, ನಾಲ್ಕು ಮಗ್ಗ ಈಚೆ, ನಡುವೆ ಗೋಡೆ ಎದ್ದಿತು. ಗಾಳಿಗೆಂದು ಗೋಡೆಯ ಮೇಲೆ ಒಂದು ಮೊಳ ಜಾಗ ಬಿಟ್ಟರು, ಅಷ್ಟೆ.

ತಮ್ಮ ಏನೋ ಬರೆಯುತ್ತಿದ್ದಾನಂತೆ ಎಂದು ಕಿವಿಗೆ ಬಿದ್ದಾಗ ದೊಡ್ಡಮಾವ ನನ್ನನ್ನು ಕರೆಸಿದರು. ತಮ್ಮದೇ ಫೋನಿನಲ್ಲಿ ‘ಅದು’ ಬರುವಂತೆ ಮಾಡಿಕೊಡಬೇಕು, ಮೂರನೆಯವರಿಗೆ ತಿಳಿಯಕೂಡದು ಎಂದು ದೇವರ ಮೇಲೆ ಆಣೆ ಹಾಕಿಸಿಕೊಂಡರು. “ಅವನಿಗೆ ಗೊತ್ತಾದ ದಿನ ನಾನು ಓದೋದು ಬಿಟ್ಟೆ ಅಂತ ತಿಳ್ಕೊ” ಎಂದರು. ಆ ಫೋನಿನಲ್ಲಿ ಒಂದೇ ಒಂದು ಗುಂಡಿ ಮಾಡಿಕೊಟ್ಟೆ. ಒತ್ತಿದರೆ ಚಿಕ್ಕಮಾವ ಬರುತ್ತಿದ್ದರು.

ಚಿಕ್ಕಮಾವನಿಗೆ ಗೊತ್ತಿರಲಿಲ್ಲವೇ? ಒಮ್ಮೆ ಅವರು, ಮೂರನೇ ಮಗ್ಗ ಯಾಕೋ ಕುಂಟುತ್ತಿದೆ ಎಂದು ಬರೆದರು. ಓದುಗರ ಉತ್ತರ ಬಂತು: “ಎಡಗಾಲಿನ ಕೆಳಗೆ ಹಲಗೆ ಚೂರು ಇಟ್ಟಿದ್ದೆವು. ಸವೆದಿರಬೇಕು.” ಇಟ್ಟಿದ್ದೆವು! ಇಡೀ ಪ್ರಪಂಚದ ಇಂಟರ್‌ನೆಟ್ಟಿನಲ್ಲಿ ಆ ಹಲಗೆ ಚೂರಿನ ವಿಷಯ ಎಷ್ಟು ಜನಕ್ಕೆ ಗೊತ್ತಿರಬಹುದು ಹೇಳಿ? ಚಿಕ್ಕಮಾವ ಸೂರಿನ ಕಡೆ ನೋಡುತ್ತಾ, “ಯಾರೋ ಕಸುಬು ಬಲ್ಲೋರು ಕಣಮ್ಮ” ಅಂದರು. ನಾನೂ ಸೂರನ್ನೇ ನೋಡಿದೆ.

ಆಮೇಲೆ ಬ್ಲಾಗಿನ ಸ್ವರೂಪವೇ ಬೇರೆಯಾಯಿತು. ‘ಗೃಹಪ್ರವೇಶಗಳು: ಒಂದು ಚಿಂತನೆ’ ಎಂಬ ಬರಹದ ಕೊನೆಗೆ, “ನಾವು ನಾಳೆ ಬೀಗರ ಮನೆಗೆ ಹತ್ತೂವರೆಗೆ ಹೋಗುತ್ತೇವೆ” ಎಂದು ಇರುತ್ತಿತ್ತು. ಕೆಳಗೆ ಓದುಗರು, “ಹನ್ನೆರಡಕ್ಕೆ ಹೋಗುವುದು ಕೆಲವರಿಗೆ ಅನುಕೂಲ” ಎಂದು ಬರೆಯುತ್ತಿದ್ದರು. ಹೀಗೆ ಇಬ್ಬರೂ ಮುಖಾಮುಖಿಯಾಗದೆ ಒಂದೇ ಮನೆಯ ಊಟ ಉಂಡು ಬಂದರು. ಅಣ್ಣತಮ್ಮಂದಿರ ನಡುವೆ ಉಳಿದಿದ್ದ ಒಂದೇ ಕಿಂಡಿ ಅದು. ಅದು ಮುಚ್ಚಿದರೆ ಮತ್ತೇನೂ ಇರಲಿಲ್ಲ.

ಇಂಥ ಸುಖದ ದಿನಗಳಲ್ಲಿ ಕಂಪನಿಯ ಮಿಂಚಂಚೆ ಬಂತು. ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಲು ಬರುವ ತಿಂಗಳಿನಿಂದ ಪುಕ್ಕಟೆ ಖಾತೆಗಳಲ್ಲಿ ಜಾಹೀರಾತು ಬರುತ್ತದೆ, ಬೇಡವಾದವರು ಹಣ ಕಟ್ಟಬಹುದು ಎಂಬುದು ಅದರ ಸಾರಾಂಶ. ಓದಿ ಹೇಳಿದ್ದು ನಾನು. ಪುಣ್ಯಕ್ಕೆ ಮಾವನ ಕೈಯಲ್ಲಿ ಆಗ ಕತ್ತರಿ ಇರಲಿಲ್ಲ.

“ನಮ್ ಗೋಡೆಗೆ ಅವರು ಪೋಸ್ಟರ್ ಅಂಟಿಸ್ತಾರಂತೆ. ಅಂಟಿಸ್ಬೇಡಿ ಅನ್ನೋಕೆ ನಾವೇ ದುಡ್ಡು ಕೊಡ್ಬೇಕಂತೆ! ಯಾವೂರಿನ ನ್ಯಾಯನಮ್ಮ ಇದು?”

“ಗೋಡೆ ಅವರದೇ ಮಾವ. ನೀವು ಇಷ್ಟು ದಿನ ಬಾಡಿಗೆ ಕೊಡದೆ ಇದ್ರಿ.”

“ಗೋಡೆ ಅವರದು. ಅಲ್ಲಿ ಬರೆದಿರೋ ಅವರೆಕಾಯಿ ಯಾರದು?”

 ಬೇರೆ ಸೈಟಿಗೆ ಹೋಗಿಬಿಡೋಣ, ಅರ್ಧ ಗಂಟೆಯ ಕೆಲಸ ಎಂದೆ. ಮಾವ ನೂಲು ಹಾಯಿಸುವ ಲಾಳಿಯನ್ನು ಕೈಯಲ್ಲಿ ಹಿಡಿದು ಉಜ್ಜತೊಡಗಿದರು.

“ಹೊಸ ಜಾಗ ಎಲ್ರಿಗೂ ಗೊತ್ತಾಗ್ಬೇಕಲ್ಲಮ್ಮ.”

“ಮೇಷ್ಟ್ರಿಗೂ ವ್ಯಾಪಾರಿಗೂ ನಾನು ಹೇಳ್ತೀನಿ.”

“ಅವರಿಬ್ರಿಗೆ ಹೇಳ್ಬೋದು.”

ನನಗೆ ಅರ್ಥವಾಯಿತು. ಮೂರನೆಯ ಓದುಗರಿಗೆ ವಿಳಾಸ ಹೇಳಬೇಕಾದರೆ ಅವರು ಯಾರೆಂದು ಗೊತ್ತಿದೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಕ್ಷಣ ಅವರು ಓದುವುದನ್ನು ಬಿಟ್ಟಾರು. ಆಚೆಯ ಫೋನಿನ ಗುಂಡಿಯನ್ನು ನಾನೇ ಬದಲಿಸಿಕೊಡುತ್ತೇನೆ ಎನ್ನಲು ನನಗೆ ಆಣೆ ಅಡ್ಡ. ಹಾಗಾಗಿ ಮಾವ ಅಲ್ಲೇ ಇದ್ದು ಹೋರಾಡುವುದೆಂದು ತೀರ್ಮಾನಿಸಿದರು.

ಸೈಟಿನ ಚರ್ಚೆಯ ಪುಟದಲ್ಲಿ ಆಗಲೇ ಕುರುಕ್ಷೇತ್ರ ಶುರುವಾಗಿತ್ತು. ಒಬ್ಬ ಇದು ಪ್ರಜಾಪ್ರಭುತ್ವದ ಕೊಲೆ ಎಂದಿದ್ದ. ಇನ್ನೊಬ್ಬ ತಾನು ಇವತ್ತೇ ಬಿಟ್ಟು ಹೋಗುತ್ತೇನೆಂದು ಇಪ್ಪತ್ತು ದಿನ ದಿನಾ ಬಂದು ಹೇಳಿದ. ತನ್ನ ಎಲ್ಲ ಕವಿತೆಗಳನ್ನೂ ಅಳಿಸಿಹಾಕುವುದಾಗಿ ಒಬ್ಬ ಕವಿ ಬೆದರಿಕೆ ಹಾಕಿದಾಗ ಕೆಳಗೆ ಹನ್ನೆರಡು ಜನ ಅಭಿನಂದನೆ ಸಲ್ಲಿಸಿದ್ದರು! ಮಾವ ಮಾತ್ರ ನೇರವಾಗಿ ಕಂಪನಿಗೇ ಅಚ್ಚಗನ್ನಡದಲ್ಲಿ ಒಂದು ದೀರ್ಘ ಪತ್ರ ಬರೆದರು. ಒಂದೇ ನಿಮಿಷಕ್ಕೆ ಉತ್ತರ ಬಂತು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಪರಿಶೀಲಿಸುತ್ತೇವೆ ಎಂದಿತ್ತು.

“ನೋಡ್ದ್ಯಾ! ಎಂಥಾ ಮರ್ಯಾದಸ್ಥ ಜನ! ನಮ್ ಬೀಗರಿಗೆ ಬರೆದ ಕಾಗದಕ್ಕೆ ಮೂರು ವರ್ಷ ಆದ್ರೂ ಉತ್ತರ ಇಲ್ಲ.”

ಸಂತೋಷದಿಂದ ಎರಡನೆಯ ಪತ್ರ ಬರೆದರು. ಅದೇ ಉತ್ತರ. ಮೂರು, ನಾಲ್ಕು, ಅದೇ ಉತ್ತರ. ಐದನೆಯದಕ್ಕೆ ಪರೀಕ್ಷೆ ಮಾಡಲೆಂದು ಬರೀ “ಹೆಂಗಿದ್ದೀರಾ?” ಎಂದು ಕೇಳಿದರು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದು ಬಂತು. ಮಾವ ಫೋನನ್ನು ಕೆಳಗಿಟ್ಟು, “ಇವನಿಗೆ ಬರೋದೇ ಒಂದು ಪಾಠ ಕಣಮ್ಮ” ಎಂದು ನಿಟ್ಟುಸಿರು ಬಿಟ್ಟರು.

ಮುಂದಿನ ಹೆಜ್ಜೆ ಪ್ರತಿಭಟನಾ ಸಭೆ. ಸ್ಥಳ, ಮಾವನ ಮಗ್ಗದ ಮನೆ. ಹೊಸಕೋಟೆಯ ವ್ಯಾಪಾರಿ ಒಂದು ಕ್ರೇಟ್ ಟೊಮೆಟೊ ಹೊತ್ತು ಬಂದರು. ಹೋರಾಟದಲ್ಲಿ ಎಸೆಯೋಕೇನ್ರೀ ಎಂದು ಅತ್ತೆ ಕೇಳಿದರು. ಆವತಿಯ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ನಾಲ್ಕು ಪುಟದ ಠರಾವು ಹಿಡಿದು ಬಂದರು. ವರಮಹಾಲಕ್ಷ್ಮಿ ಹಬ್ಬದ ಸೀರೆ ಕೊಡಬೇಕಾಗಿದ್ದರಿಂದ ಮಗ್ಗ ನಿಲ್ಲಿಸುವ ಹಾಗಿರಲಿಲ್ಲ. ಈಚೆ ನಾಲ್ಕು, ಆಚೆ ನಾಲ್ಕು, ಎಂಟು ಮಗ್ಗ ಓಡುತ್ತಿದ್ದರೆ ಪಕ್ಕದವರು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಮೇಷ್ಟ್ರು ಬಾಯಿ ಆಡಿಸಿದರು, ಎಲ್ಲರೂ ತಲೆ ಆಡಿಸಿದರು. ಠರಾವು ಸರ್ವಾನುಮತದಿಂದ ಪಾಸಾಯಿತು. ಏನು ಪಾಸಾಯಿತೆಂದು ಮಾವ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ ತಿಳಿದುಕೊಂಡರು. ಬುಧವಾರ ಒಂದು ದಿನ ಬರಹ ಬಂದ್ ಅಂತೆ!

ಬುಧವಾರ ಮೂವರೂ ಬರೆಯಲಿಲ್ಲ. ಕಂಪನಿ ತತ್ತರಿಸಿತೇ? ಕಂಪನಿಯ ಕೂದಲೂ ಕೊಂಕಲಿಲ್ಲ. ಆದರೆ ಎಂಟೂಕಾಲಿಗೆ, ಹಿಂದಿನ ದಿನದ ಬರಹದ ಕೆಳಗೆ ಒಂದು ಸಾಲು ಬಂತು: “ಈ ದಿನ ಏನೂ ಇಲ್ಲ. ಮೈಗೆ ಹುಷಾರಿಲ್ಲವೇ?”

ಮಾವ ಅದನ್ನು ನಾಲ್ಕು ಸಲ ಓದಿದರು. ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ. ಹನ್ನೊಂದು ಗಂಟೆಗೆ ‘ನಾನು ಚೆನ್ನಾಗಿದ್ದೇನೆ’ ಎಂಬ ಬರಹ ಹಾಕಿ ತಮ್ಮ ಬಂದ್ ತಾವೇ ಮುರಿದರು. ಮೇಷ್ಟ್ರು ಫೋನ್ ಮಾಡಿ ಚಳವಳಿಯ ಬೆನ್ನಿಗೆ ಚೂರಿ ಹಾಕಿದಿರಿ ಎಂದರು. ವ್ಯಾಪಾರಿ ಟೊಮೆಟೊ ಕ್ರೇಟ್ ವಾಪಸ್ ಕೇಳಿದರು.

ತಿಂಗಳು ಮುಗಿಯಿತು, ಜಾಹೀರಾತು ಬಂತು. ಮೊದಲನೆಯದೇ ಎಲ್ಲಿ ಬಂತು ಗೊತ್ತೇ? ‘ಅಸಲಿ ರೇಷ್ಮೆ ಸೀರೆಯನ್ನು ಗುರುತಿಸುವುದು ಹೇಗೆ’ ಎಂಬ ಬರಹದ ಹೊಟ್ಟೆಯಲ್ಲಿ! ಯಾವುದೋ ಪರರಾಜ್ಯದ ಪಳಪಳ ಹೊಳೆಯುವ ಸೀರೆ, ಒಂದು ಕೊಂಡರೆ ಎರಡು ಉಚಿತ. ಮಾವ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಅತ್ತೆ ಮೆಲ್ಲಗೆ ಬಂದು, ಆ ಅಂಚು ಮಾತ್ರ ಚೆನ್ನಾಗಿತ್ತು ಕಣ್ರೀ ಎಂದದ್ದರಿಂದ ರಾತ್ರಿಯೂ ಮಾಡಲಿಲ್ಲ.

ಇನ್ನೊಂದು ಫಜೀತಿ ಏನೆಂದರೆ, ಒಬ್ಬೊಬ್ಬರಿಗೆ ಒಂದೊಂದು ಜಾಹೀರಾತು ಕಾಣುತ್ತದೆ. ಮಾವನಿಗೆ ಇದು ತಿಳಿದಿರಲಿಲ್ಲ. ಪ್ರಾಯದಲ್ಲೇ ತಲೆ ಬೋಳಾಗಿದ್ದ ಮೇಷ್ಟ್ರಿಗೆ ಮಾವನ ಪುಟದಲ್ಲಿ ಕೂದಲು ಬೆಳೆಯುವ ಎಣ್ಣೆ ಕಂಡಿತು. “ನನ್ನನ್ನು ಆಡಿಕೊಳ್ಳೋಕೆ ಇದನ್ನ ಹಾಕಿಸಿದ್ದೀರಾ?” ಎಂದು ಜಗಳಕ್ಕೆ ಬಂದರು. ವ್ಯಾಪಾರಿಗೆ ಟೊಮೆಟೊ ಸಾಸ್ ಬಾಟಲಿ ಕಂಡು, ತಮ್ಮ ಕವಿತೆಗೆ ಇದು ವ್ಯಂಗ್ಯವೋ ಎಂದು ಎರಡು ದಿನ ಯೋಚಿಸಿದರಂತೆ.

ಮಾವ ಕೊನೆಗೆ ಒಂದು ಉಪಾಯ ಕಂಡುಹಿಡಿದರು. ಅದು ನೇಕಾರನಿಗೆ ಮಾತ್ರ ಹೊಳೆಯುವಂಥದ್ದು. “ನೋಡಮ್ಮ, ಸೀರೆ ಒಡಲಲ್ಲಿ ಖಾಲಿ ಜಾಗ ಬಿಟ್ರೆ ತಾನೇ ಯಾರಾದ್ರೂ ಹೂವಿನ ಬುಟ್ಟಾ ಹಾಕು ಅನ್ನೋದು? ಎಡೆ ಬಿಡದ ಹಂಗೆ ನೇಯ್ದ್ರೆ ಎಲ್ಲಿ ಹಾಕ್ತಾನೆ?” ಅಂದರು. ಅಂದಿನಿಂದ ಅವರ ಬರಹದಲ್ಲಿ ಪ್ಯಾರಾ ಮಾಯವಾಯಿತು. ಪದಗಳ ನಡುವಿನ ಜಾಗ ಮಾಯವಾಯಿತು. ಸಾಲಿನ ಕೊನೆಯಲ್ಲಿ ಉಳಿದ ಜಾಗಕ್ಕೆಲ್ಲ ನಕ್ಷತ್ರದ ಗುರುತು ತುಂಬಿದರು. ಮೇಲೆ ನಕ್ಷತ್ರದ ಅಂಚು, ಕೆಳಗೆ ನಕ್ಷತ್ರದ ಸೆರಗು. ನೋಡಲು ಏನೋ ಚೆಂದವಾಗಿತ್ತು, ಓದಲು ಮಾತ್ರ ದೇವರೇ ಬರಬೇಕಿತ್ತು. ಜಾಹೀರಾತು ಸೋತಿತೇ? ನಡುವೆ ಜಾಗವಿಲ್ಲದಿದ್ದರೇನು, ಅದು ಪುಟದ ಮೇಲೆಯೇ ಬಂದು ಕೂತಿತು! ಮುಚ್ಚಲು ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಗುರುತು.

ಇದಾದ ಮೂರನೆಯ ದಿನ ಎಂಟು ಗಂಟೆಗೆ “ಓದಿದೆ” ಬರಲಿಲ್ಲ.

ನೆಟ್‌ವರ್ಕ್ ಸರಿಯಿಲ್ಲ ಎಂದರು ಮಾವ. ಮಾರನೆಯ ದಿನವೂ ಇಲ್ಲ. ಫೋನು ಹಿಡಿದುಕೊಂಡು ಬೀದಿಗೆ ಹೋದರು, ತಾರಸಿ ಹತ್ತಿದರು. “ಓದಿದೆ” ನಿಂತ ನಾಲ್ಕನೆಯ ದಿನ ಎಳೆ ಕಡಿದು ಮಗ್ಗ ನಿಂತರೂ ಹೋಗಿ ನೋಡದೆ ಕೂತಿದ್ದರು. ಅತ್ತೆ ನನಗೆ ಫೋನ್ ಮಾಡಿ, “ಬಾರಮ್ಮ, ಇವರು ಮಾತೇ ಆಡ್ತಿಲ್ಲ” ಅಂದರು. ಇವರ ಮಾತಿಗೆ ದಾರಿ ಮಾಡು ಎಂದಿದ್ದ ಅದೇ ಅತ್ತೆ! ಆಗ ನನಗೂ ಭಯವಾಯಿತು.

ಶಾಲೆ ಮುಗಿಸಿಕೊಂಡು ಮೊದಲು ದೊಡ್ಡಮಾವನ ಮನೆಗೆ ಹೋದೆ. ಅವರು ಬಾಗಿಲಲ್ಲೇ ಪಿಸುಗುಟ್ಟಿದರು.

“ಅದನ್ನ ತೆಗೆದುಹಾಕಿಬಿಡಮ್ಮ ಫೋನಿಂದ. ಓದೋಕೆ ಹೋದ್ರೆ ಹೆಣ್ಣು ತೋರಿಸ್ತಾರೆ.”

ನೂಲು ಎಳೆದೆಳೆದು ಅವರ ಹೆಬ್ಬೆರಳು ಮರದ ಹಾಗಾಗಿದೆ. ಸಾಸಿವೆಯಷ್ಟಿರುವ ಗುರುತನ್ನು ಒತ್ತಲು ಹೋಗಿ ಅವರು ಒತ್ತಿದ್ದು ವಧೂವರರ ಜಾಹೀರಾತನ್ನು. ಕೇಳಿದ ಕಡೆ ಪಾಪ ಫೋನ್ ನಂಬರನ್ನೂ ಕೊಟ್ಟಿದ್ದಾರೆ. ಮಾರನೆಯ ಬೆಳಗ್ಗೆ ಫೋನ್ ಬಂದಾಗ ಎತ್ತಿದ್ದು ದೊಡ್ಡತ್ತೆ. “ಮೇಡಂ, ವರ ಮನೇಲಿದ್ದಾರಾ?” ಎಂದು ಕೇಳಿದರಂತೆ! ದೊಡ್ಡತ್ತೆ ಎರಡು ದಿನ ಬಿಸಿ ಮುದ್ದೆ ಮಾಡಿಲ್ಲ.

“ಈ ವಯಸ್ಸಲ್ಲಿ ನನಗಿದು ಬೇಕಿತ್ತಾ? ನಾನಿನ್ನು ಅದನ್ನ ಮುಟ್ಟಲ್ಲ” ಎಂದರು ದೊಡ್ಡಮಾವ. ಒಂದು ಕ್ಷಣ ಬಿಟ್ಟು, “ಏನ್ ಬರೆದಿದ್ದ ಇವತ್ತು?” ಎಂದು ಕೇಳಿದರು. 

ಈಚೆ ಬಂದು, ಆಣೆ ಮುರಿಯದ ಹಾಗೆ, “ಆ ಓದುಗರಿಗೆ ಜಾಹೀರಾತು ಅಡ್ಡ ಬರ್ತಿರಬಹುದು ಮಾವ. ಬೆರಳು ದಪ್ಪ ಇರೋರಿಗೆ ಕಷ್ಟ” ಎಂದೆ. ಮಾವ ತಲೆಯೆತ್ತಲಿಲ್ಲ.

“ದುಡ್ಡು ಕಟ್ಟಿಬಿಡಮ್ಮ.”

“ಪೋಸ್ಟರ್, ಗೋಡೆ, ನ್ಯಾಯ ಅಂತಿದ್ರಿ?”

“ನ್ಯಾಯ ಹಾಳಾಗ್ಲಿ. ಕಟ್ಟು.”

ಯುದ್ಧ ಸಾರಿದ ಮನುಷ್ಯ ಹೀಗೆ ಒಂದೇ ಮಾತಿಗೆ ಶರಣಾದರು. ಅಲ್ಲೇ ಕೂತು ಕಟ್ಟಲು ಹೋದೆ. ನನ್ನ ಕಾರ್ಡು ವಿದೇಶಿ ಕಂಪನಿಗೆ ನಡೆಯುವುದಿಲ್ಲವಂತೆ. ಬ್ಯಾಂಕಿಗೆ ಕೇಳಿದರೆ ಸರಿ ಮಾಡಲು ಎರಡು ದಿನ ಬೇಕೆಂದರು. ಎರಡೇ ದಿನ ತಾನೇ ಮಾವ ಎಂದೆ. ಅವರು ಎದ್ದು ಒಳಗೆ ಹೋದರು.

ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ, ಹೇಗಿದ್ದಾರೋ ನೋಡೋಣವೆಂದು ಮಗ್ಗದ ಮನೆಗೆ ಕಾಲಿಟ್ಟೆ. ಎಂಟು ಗಂಟೆ ಆಗುತ್ತಿತ್ತು. ಮಾವ ತಮ್ಮ ನಾಲ್ಕೂ ಮಗ್ಗಗಳನ್ನು ನಿಲ್ಲಿಸುತ್ತಿದ್ದರು. ಹಬ್ಬ ಹತ್ತಿರವಿದೆ, ಕರೆಂಟೂ ಇದೆ, ಸೀರೆ ಅರ್ಧಕ್ಕೆ ನಿಂತಿದೆ. ಏನ್ರೀ ಇದು ಎಂದು ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಮಾವ ಆಗಲೇ ಗೋಡೆಯ ಕಡೆ ಹೊರಟಿದ್ದರು. ಗೋಡೆಯ ಬುಡಕ್ಕೆ ಒಂದು ಸ್ಟೂಲ್ ಎಳೆದುಕೊಂಡು ಹತ್ತಿ ನಿಂತು, ಜೇಬಿನಿಂದ ಫೋನು ತೆಗೆದು, ಆ ಒಂದು ಮೊಳದ ಸಂದಿಗೆ ಮುಖ ಮಾಡಿ, ಎದೆ ತುಂಬ ಉಸಿರೆಳೆದು ಓದತೊಡಗಿದರು.

“ಈ ದಿನದ ವಿಷಯ! ಮೊಣಕಾಲು ನೋವಿಗೆ ಯಾರನ್ನು ಬೈಯಬೇಕು! ಹವಾಮಾನವನ್ನೋ, ಮೆಟ್ಟಿಲು ಕಟ್ಟಿದವನನ್ನೋ…”

ಆಚೆಯ ನಾಲ್ಕು ಮಗ್ಗ ಧಡಧಡ ಓಡುತ್ತಿದ್ದವು. ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸುತ್ತಿರಲಿಲ್ಲ. ಇಳೀರಿ ಮಾವ, ಬೀಳ್ತೀರಿ ಎಂದೆ. ಅವರು ಇನ್ನಷ್ಟು ಜೋರಾಗಿ ಕೂಗಿ ಓದಿದರು. ಕತ್ತಿನ ನರ ಉಬ್ಬಿತ್ತು.

ಆಚೆ ಒಂದು ಮಗ್ಗ ನಿಂತಿತು. ಎಳೆ ಕಡಿದಿರಬೇಕು ಎಂದುಕೊಂಡೆ. ಆಮೇಲೆ ಎರಡನೆಯದು ನಿಂತಿತು. ಅತ್ತೆ ನನ್ನ ತೋಳು ಹಿಡಿದುಕೊಂಡರು. ಮೂರನೆಯದು. ಸ್ವಲ್ಪ ತಡೆದು, ನಾಲ್ಕನೆಯದು.

ಕರೆಂಟಿರುವಾಗ ಹಗಲಲ್ಲಿ ಆ ಮಗ್ಗದ ಮನೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಾವನ ದನಿ ಒಡೆಯಿತು. ಓದುತ್ತಿದ್ದ ಸಾಲು ತಪ್ಪಿ ನಿಂತುಬಿಟ್ಟರು. ನನಗೆ ಕಣ್ಣು ಮಂಜಾಗಿತ್ತು, ಒರೆಸಿಕೊಳ್ಳಲೂ ಭಯ.

ಗೋಡೆಯ ಆಚೆಯಿಂದ ದೊಡ್ಡಮಾವನ ದನಿ ಬಂತು.

“ಯಾಕೋ ನಿಲ್ಲಿಸ್ದೆ? ನನಗೆ ಮೊದಲಿನದು ಕೇಳಿಸಿಲ್ಲ. ಮೊದಲಿಂದ ಓದು.”

“ಹೂಂ ಅಣ್ಣಾ” ಎಂದರು ಚಿಕ್ಕಮಾವ, ಮತ್ತೆ ಮೊದಲಿಂದ ಓದಿದರು.